ಬಂದವರಿಗೆಲ್ಲ ಕೂಗುವ ಹಕ್ಕಿ

ತುಕಿಜಾನನ ಮನೆಗೆ ಕದ್ದು ಬರುವುದು ಯಾರಿಂದಲೂ ಆಗುತ್ತಿರಲಿಲ್ಲ. ಬೇಲಿಯ ಸಂದಿನಲ್ಲಿ ಒಂದು ಚಪ್ಪಲಿ ಕಂಡರೆ ಸಾಕು, ಬಾಗಿಲ ಪಕ್ಕ ತೂಗುವ ಪಂಜರದ ಜಾಲಕ್ ಹಕ್ಕಿ ತಲೆಯ ಪುಕ್ಕ ನಿಗುರಿಸಿ, ಕತ್ತನ್ನು ಮೇಲೆ ಕೆಳಗೆ ಕುಣಿಸಿ, ಹಿತ್ತಲ ಬಾವಿಯವರೆಗೂ ಕೇಳುವ ಹಾಗೆ ಅರಚುತ್ತಿತ್ತು. ಗೊರವಂಕದ ಕುಲದ್ದೇ ಹಕ್ಕಿ, ಗಾತ್ರವೂ ಅಷ್ಟೇ. ತಲೆ, ಕತ್ತು, ಬೆನ್ನು ಕಪ್ಪು. ಹೊಟ್ಟೆ ಬಿಳಿ. ಮಡಿಸಿದ ರೆಕ್ಕೆಯ ಮೇಲೆ ಸುಣ್ಣದ ಬೆರಳು ಎಳೆದಂತೆ ಒಂದು ಬಿಳಿ ಗೀರು. ಕಣ್ಣಿನ ಸುತ್ತ ಪುಕ್ಕವಿಲ್ಲದ ಕಿತ್ತಳೆ ಬಣ್ಣದ ಚರ್ಮ; ಅದರಿಂದಾಗಿ ಅದು ಯಾವಾಗಲೂ ಜಗಳಕ್ಕೆ ನಿಂತ ಹಾಗೆ ಕಾಣುತ್ತಿತ್ತು.

"ಕಾಂಗ್, ಅಣ್ಣಾ, ನಿನಗೂ ನಿನ್ನ ಹಕ್ಕಿಗೂ ಏನೂ ವ್ಯತ್ಯಾಸ ಇಲ್ಲ ನೋಡು," ಎನ್ನುತ್ತಿದ್ದ ಪಕ್ಕದ ಮನೆಯ ಲಾಸಿಮಿನ್. "ಬಂದವರಿಗೆ ನೀರು ಕೊಡೋಕೆ ಮುಂಚೆ ಬೈಗುಳ."

"ನೀನೆಲ್ಲಿ ನೀರಿಗೆ ಬರ್ತೀಯ? ನನ್ನ ತಂಬಾಕಿಗೆ ಬರ್ತೀಯ. ಕೂತ್ಕೊ, ಬಾಯಿ ಮುಚ್ಚು."

ಜಾಂಬೆವಾಂಗಿ ಊರಿನಲ್ಲಿ ಜಾಲಕ್ ಸಾಕದ ಮನೆ ಇರಲಿಲ್ಲ. ಹಿತ್ತಲಲ್ಲಿ ಸಾಲಾಗಿ ಕಟ್ಟಿದ ಬಲೆಗೂಡು, ಒಂದೊಂದರಲ್ಲೂ ಒಂದು ಜೋಡಿ. ಆದರೆ ತುಕಿಜಾನನ ಹಕ್ಕಿಗಳ ಗಂಟಲೇ ಬೇರೆ ಎಂದು ಸೋಲೊ ಪಟ್ಟಣದಿಂದ, ದೂರದ ಸೆಮಾರಾಂಗಿನಿಂದಲೂ ಜನ ಬರುತ್ತಿದ್ದರು. ಅದರಲ್ಲಿ ಮಾಯವೇನೂ ಇರಲಿಲ್ಲ. ನಲವತ್ತು ವರ್ಷ ಅವನು ಒಂದೇ ಕೆಲಸ ಮಾಡಿದ್ದ. ಮನುಷ್ಯ ಬಂದಾಗ ಜೋರಾಗಿ ಕೂಗಿದ ಮರಿಯನ್ನು ತಳಿಗೆ ಉಳಿಸಿಕೊಂಡಿದ್ದ, ಸುಮ್ಮನಿದ್ದದ್ದನ್ನು ಸಿಕ್ಕವರಿಗೆ ಕೊಟ್ಟಿದ್ದ. ಕೂಗದ ಜಾಲಕ್ ಬಾಗಿಲಿಗೆ ಯಾಕೆ? ಅಜ್ಜ, ಮಗ, ಮೊಮ್ಮಗ ಎಂದು ಹತ್ತಿಪ್ಪತ್ತು ತಲೆಮಾರು ಹಾಗೆ ಆರಿಸಿ ಆರಿಸಿ, ಮನುಷ್ಯನ ನೆರಳು ಕಂಡರೆ ಕೂಗುವುದು ಆ ಹಕ್ಕಿಗಳ ರಕ್ತಕ್ಕೇ ಇಳಿದಿತ್ತು.

ಊರಿನ ತುಂಬ ಪಂಜರದಲ್ಲಿ ಸಾವಿರ ಹಕ್ಕಿ. ಗದ್ದೆಯಲ್ಲಿ ಒಂದೂ ಇಲ್ಲ. ಹಿಂದೆ ಇದ್ದವು. ನೇಗಿಲ ಹಿಂದೆ ಸಾಲಿನಲ್ಲಿ ನಡೆಯುತ್ತಾ ಎರೆಹುಳು ಹೆಕ್ಕುತ್ತಿದ್ದವು, ಎಮ್ಮೆಯ ಬೆನ್ನೇರಿ ಉಣ್ಣಿ ಕೀಳುತ್ತಿದ್ದವು. ಆಮೇಲೆ ಗದ್ದೆಗೆ ಔಷಧ ಬಂತು, ಮರಕ್ಕೆ ಹಕ್ಕಿ ಹಿಡಿಯುವ ಅಂಟುಕೋಲು ಬಂತು. ಊರಿನ ಕೊನೆಯ ಗೂಡನ್ನು ಸ್ಮಶಾನದ ಬೂರುಗದ ಮರದಿಂದ ಇಳಿಸಿದವನು ತುಕಿಜಾನನೇ. ಆಗ ಅವನಿಗೆ ಇಪ್ಪತ್ತೆರಡು. ಪೊನಿಯೆಮ್ ಎಂಬ ಹುಡುಗಿಯ ಜೊತೆ ಮದುವೆ ಗೊತ್ತಾಗಿತ್ತು. ಹುಡುಗಿಗೆ ಕೊಡಲು ಏನಾದರೂ ಬೇಕಿತ್ತು. ಮೂರು ಮರಿಗಳನ್ನು ಲುಂಗಿಯ ಮಡಿಲಲ್ಲಿ ಕಟ್ಟಿಕೊಂಡು ಇಳಿದಿದ್ದ. ಈಗಿನ ಹಕ್ಕಿಗಳೆಲ್ಲ ಆ ಮೂರರ ಸಂತಾನ. ಈ ಕತೆಯನ್ನು ಅವನು ಹೇಳದ ಮದುವೆಯಿಲ್ಲ, ಹೇಳದ ತಿಥಿಯೂಟವಿಲ್ಲ. "ಮೈಯೆಲ್ಲ ಚಗಳಿ ಇರುವೆ, ಕೈ ಬಿಟ್ಟೆನಾ? ಬಿಡ್ಲಿಲ್ಲ! ಅದಕ್ಕೇ ಹೆಣ್ಣು ಸಿಕ್ತು." ಕೇಳಿದವರು ನಗುತ್ತಿದ್ದರು. ಪೊನಿಯೆಮ್ ಎದ್ದು ಒಳಗೆ ಹೋಗುತ್ತಿದ್ದಳು, ಚಹಾ ತರುವ ನೆಪದಲ್ಲಿ.

ಸಾಯುವುದಕ್ಕೆ ಹನ್ನೊಂದು ದಿನ ಮೊದಲು ಅವಳು, ಎಂದಿನಂತೆ ಮಗಳ ಹೆಸರು ಹಿಡಿದು, ಅವನನ್ನು ಹತ್ತಿರ ಕರೆದಿದ್ದಳು.

"ರಹಾಯು ಅಪ್ಪಾ, ತಂದದ್ದನ್ನ ಗದ್ದೆಗೆ ತಿರುಗಿ ಕೊಡಿ."

"ಯಾವುದನ್ನ?"

"ಹಕ್ಕೀನ. ಬೂರುಗದ ಮರದಿಂದ ತಂದ್ರಲ್ಲ. ಒಂದು ಗೂಡು ಸಾಕು."

"ಹುಚ್ಚುಮಾತು! ಮೂರೇ ದಿನಕ್ಕೆ ಗಿಡುಗನ ಬಾಯಿಗೆ ಹೋಗ್ತವೆ. ಸುಮ್ಮನೆ ಮಲಗು."

ಅವಳು ಗೋಡೆಯ ಕಡೆ ಹೊರಳಿದಳು. ಆಮೇಲೆ ಅವಳ ನಾಲಗೆ ಬಿತ್ತು. ನಲವತ್ತು ವರ್ಷ ಜೊತೆಗೆ ಬಾಳಿದ ಹೆಂಡತಿಯ ಕೊನೆಯ ಮಾತಿಗೆ ಅವನು ಕೊಟ್ಟ ಉತ್ತರ 'ಹುಚ್ಚುಮಾತು, ಸುಮ್ಮನೆ ಮಲಗು' ಎಂಬುದೇ ಆಯಿತು. ಮೊದಲೇ ಸಿಡುಕ. ಆಮೇಲೆ ಆ ಸಿಡುಕನ್ನೆಲ್ಲ ತನ್ನ ಮೇಲೆಯೇ ತಿರುಗಿಸಿಕೊಂಡ.

ಮೂರು ದಿನ, ಏಳು ದಿನ, ನಲವತ್ತು, ನೂರು ಎಂದು ಒಂದೊಂದೇ ಶಾಂತಿಯೂಟ ಮುಗಿದವು. ಉಳಿದದ್ದು ಸಾವಿರದ ದಿನ. ಅಂದು ಗೋರಿಯ ಮೇಲೆ ಕಲ್ಲು ಕೂರಿಸುತ್ತಾರೆ. ಅಲ್ಲಿಯವರೆಗೆ ಸತ್ತವರು ಮನೆಯ ಕಡೆ ಒಂದು ಕಿವಿ ಇಟ್ಟಿರುತ್ತಾರೆ, ಕಲ್ಲು ಕೂತ ಮೇಲೆ ಹೊರಟೇ ಹೋಗುತ್ತಾರೆ ಎಂದು ಊರಿನವರ ನಂಬಿಕೆ. ತುಕಿಜಾನ್ ಲೆಕ್ಕ ಹಾಕಿದ. ಸಾವಿರದ ದಿನದೊಳಗೆ ಗದ್ದೆಯಲ್ಲಿ ಹುಟ್ಟಿದ ಒಂದು ಮರಿ ರೆಕ್ಕೆ ಬಿಚ್ಚಿ ಹಾರಬೇಕು. ಕಲ್ಲು ಕೂರುವ ಮೊದಲು ಆ ಕೂಗು ಪೊನಿಯೆಮಳ ಕಿವಿಗೆ ಬೀಳಬೇಕು. ಇದಕ್ಕಿಂತ ಹೆಚ್ಚಿನದೇನೂ ಅವನಿಗೆ ಬೇಕಿರಲಿಲ್ಲ.

ಮೊದಲು ಬಿಟ್ಟ ಜೋಡಿ ಮೂರನೆಯ ದಿನ ಹಸಿದು, ಮೈ ಕೆದರಿಕೊಂಡು, ತಮ್ಮ ಪಂಜರದ ಮೇಲೆಯೇ ಬಂದು ಕೂತವು. ಎರಡನೆಯ ಜೋಡಿಯನ್ನು ಗಿಡುಗ ಒಯ್ಯಿತು. ಸರಿ ಎಂದು ಮೂರನೆಯ ಜೋಡಿಗೆ ಆರು ತಿಂಗಳು ಪಾಠ ನಡೆಯಿತು. ಕೈಯಿಂದ ತಿನ್ನಿಸುವುದು ನಿಂತಿತು. ಹಿತ್ತಲ ದೊಡ್ಡ ಬಲೆಗೂಡಿನಲ್ಲಿ ಜೀವಂತ ಮಿಡತೆ, ಕೆಸರಿನ ತಟ್ಟೆಯಲ್ಲಿ ಎರೆಹುಳು. ಆಗಾಗ ಬಲೆಯ ಮೇಲೆ ಗಾಳಿಪಟ ಹಾರಿಸಿ ಗಿಡುಗನ ಭಯ ಕಲಿಸಿದ. ಅರವತ್ತೈದು ವರ್ಷದ ಮುದುಕ ಒಬ್ಬನೇ ಗಾಳಿಪಟ ಹಾರಿಸುವುದನ್ನು ಕಂಡು ಲಾಸಿಮಿನ್ ಬೇಲಿಯಾಚೆಯಿಂದ, "ಕಾಂಗ್, ತಲೆ ನೆಟ್ಟಗಿದೆಯಾ, ಡಾಕ್ಟರನ್ನ ಕರೀಲಾ?" ಎಂದ. "ನಿನ್ನ ತಲೆ ನೋಡ್ಕೋ!" ಎಂದು ಬೈಸಿಕೊಂಡು ಹೋದ.

ಗಿಡುಗನಿಗೆ ಹೆದರುವುದನ್ನು ಕಲಿಸಿದ. ಮನುಷ್ಯನನ್ನು ಕಂಡರೆ ಕೂಗಬೇಡಿ ಎಂದು ಕಲಿಸುವುದು ಅವನಿಗೆ ಹೊಳೆಯಲೇ ಇಲ್ಲ. ಹೇಗೆ ಹೊಳೆದೀತು? ಆ ಕೂಗು ಅವನ ಹೆಮ್ಮೆಯಾಗಿತ್ತು.

ನಾಟಿಯ ಸಮಯಕ್ಕೆ ಸರಿಯಾಗಿ ಜೋಡಿಯನ್ನು ಬಿಟ್ಟ. ಈ ಸಲ ಅವು ತಿರುಗಿ ಬರಲಿಲ್ಲ. ಗದ್ದೆಯ ಬದುವಿನ ಮೇಲೆ ಹೆಜ್ಜೆ ಹಾಕುತ್ತಾ ಹುಳು ಕೆದಕಿದವು. ಇಷ್ಟೆಲ್ಲ ಮರ ಬಿಟ್ಟು ಸ್ಮಶಾನದ ಅದೇ ಮುದಿ ಬೂರುಗವನ್ನು ಹಿಡಿದು, ಎತ್ತರದ ಕವಲಿನಲ್ಲಿ ಒಣಹುಲ್ಲಿನ ದೊಡ್ಡ ಉಂಡೆ ಕಟ್ಟಿದವು. ಚೆಂದವಿಲ್ಲದ ಗೂಡು, ಗಾಳಿಗೆ ಸಿಕ್ಕಿದ ಹುಲ್ಲುಬಣವೆಯ ತುಂಡಿನ ಹಾಗೆ. ತುಕಿಜಾನ್ ಯಾರಿಗೂ ಹೇಳಲಿಲ್ಲ. ಲಾಸಿಮಿನ್‌ಗೆ ಹೇಳಿದರೆ ಸಂಜೆಯೊಳಗೆ ಊರಿಗೆ ಗೊತ್ತು, ಬೆಳಗಾಗುವುದರೊಳಗೆ ಅಂಟುಕೋಲಿನವರು ಹಾಜರು. ಮಗಳು ರಹಾಯುವಿಗೂ ಹೇಳಲಿಲ್ಲ, ಅಳಿಯನ ಮಾತಂತೂ ಕೇಳಲೇಬೇಡಿ. ದಿನಾ ಬೆಳಿಗ್ಗೆ ಮರದ ಕೆಳಗಿನ ಹೆಂಡತಿಯ ಗೋರಿ ಗುಡಿಸುವ ನೆಪದಲ್ಲಿ ಹೋಗಿ ಕೂರುತ್ತಿದ್ದ. ಹಕ್ಕಿಗಳು ಅವನನ್ನು ಕಂಡು ಕೂಗುತ್ತಿದ್ದವು. "ಕೇಳಿಸ್ತಾ?" ಎಂದು ಮಣ್ಣಿಗೆ ಹೇಳುತ್ತಿದ್ದ. "ಇನ್ನು ಸ್ವಲ್ಪ ತಡಿ, ಮರಿ ಬರ್ಲಿ."

ಮೂರು ಮರಿಯಾದವು. ಗೂಡಿನ ಬಾಯಲ್ಲಿ ಮೂರು ತಲೆ ಕಾಣಿಸತೊಡಗಿದವು. ಸಾವಿರದ ದಿನಕ್ಕೆ ಇನ್ನು ಎರಡು ದಿನವಿದ್ದಾಗ ದೊಡ್ಡದು ಕವಲಿನ ಮೇಲೆ ಬಂದು ನಿಂತು ರೆಕ್ಕೆ ಬಡಿಯಿತು. ಇವತ್ತೋ ನಾಳೆಯೋ ಹಾರುತ್ತದೆ ಎನ್ನುವ ಹಾಗೆ. ಅಂದು ತುಕಿಜಾನ್ ಮನೆಗೆ ಬಂದು ಮಗಳು ಬಡಿಸಿದ ಅನ್ನಕ್ಕೆ ಉಪ್ಪು ಹೆಚ್ಚಾಯಿತೆಂದು ಬೈಯಲಿಲ್ಲ. ರಹಾಯು ಗಾಬರಿಯಾಗಿ, "ಪಾಕ್, ಅಪ್ಪಾ, ಮೈ ಹುಷಾರಿದೆಯಾ?" ಎಂದು ಹಣೆ ಮುಟ್ಟಿ ನೋಡಿದಳು.

ಸಾವಿರದ ದಿನ ಬೆಳಿಗ್ಗೆ ಅಂಗಳದ ತುಂಬ ಹೆಂಗಸರು. ಒಬ್ಬಳು ಅಕ್ಕಿಹಿಟ್ಟಿನ ಅಪೆಮ್ ಹುಯ್ಯುತ್ತಿದ್ದಳು, ಇನ್ನೊಬ್ಬಳು ತೆಂಗಿನಕಾಯಿ ತುರಿಯುತ್ತಿದ್ದಳು, ಇಡೀ ಕೋಳಿ ಬೇಯುವ ವಾಸನೆ ಬೀದಿಗೆ ಹೋಗಿತ್ತು. ಅಡುಗೆಯ ಉಸ್ತುವಾರಿ, ಬಂದವರ ಮರ್ಯಾದೆ ಎಂದು ತುಕಿಜಾನನಿಗೆ ಬೆಳಿಗ್ಗೆ ಸ್ಮಶಾನಕ್ಕೆ ಹೋಗಲಾಗಿರಲಿಲ್ಲ. ಸೋಲೊದಿಂದ ಕಲ್ಲು ತರಬೇಕಾಗಿದ್ದವನು ಅಳಿಯ ಜರೋತ್. ಅವನಿಗೆ ಮಧ್ಯಾಹ್ನ ಬಾ ಎಂದು ಹೇಳಿ ಕಳಿಸಿದ್ದ. ಅಷ್ಟರೊಳಗೆ ತಾನೊಮ್ಮೆ ಹೋಗಿ ಬಂದರಾಯಿತು, ಬಹುಶಃ ಅಷ್ಟರೊಳಗೆ ಮರಿಯೂ ಹಾರಿರುತ್ತದೆ ಎಂದುಕೊಂಡಿದ್ದ.

ಜರೋತ್ ಕೆಟ್ಟವನಲ್ಲ. ಬೈಕ್ ರಿಪೇರಿ ಮಾಡುವವನು, ಕೈ ಚುರುಕು, ಮನಸ್ಸು ಮೆತ್ತಗೆ. ಆದರೆ ಹಕ್ಕಿಯ ವಿಷಯದಲ್ಲಿ ದಡ್ಡ. ಮದುವೆಯಾದ ಹೊಸತರಲ್ಲಿ ಒಂದು ಬಲೆಗೂಡಿನ ಬಾಗಿಲು ಹಾಕಲು ಮರೆತು ಎರಡು ಹಕ್ಕಿಯನ್ನು ಬೆಕ್ಕಿನ ಬಾಯಿಗೆ ಕೊಟ್ಟಿದ್ದ. ಹತ್ತು ವರ್ಷವಾದರೂ ತುಕಿಜಾನ್ ಅದನ್ನು ಎತ್ತಿ ಆಡುವುದು ಬಿಟ್ಟಿರಲಿಲ್ಲ. "ಮಗಳನ್ನ ಕೊಟ್ಟಿದ್ದಾಯ್ತು, ಪಂಜರದ ಬೀಗದ ಕೈ ಮಾತ್ರ ಕೊಡಲ್ಲ." ಈ ಮಾತಿಗೂ ಎಲ್ಲರೂ ನಗುತ್ತಿದ್ದರು, ಜರೋತನೂ ಸೇರಿ.

ಇವತ್ತಾದರೂ ಮಾವನ ಬಾಯಿಂದ ಬೈಗುಳ ಕೇಳಬಾರದೆಂದು ಜರೋತ್ ಹೊತ್ತು ಮೂಡುವ ಮೊದಲೇ ಹೊರಟಿದ್ದ. ಕಲ್ಲಿನ ಗಾಡಿಯನ್ನು ನೇರ ಸ್ಮಶಾನಕ್ಕೆ ಒಯ್ದು, ಜೊತೆಗೆ ಬಂದ ಇಬ್ಬರು ಕೆಲಸದವರೊಡನೆ ಕಲ್ಲು ಕೂರಿಸಿ ಮುಗಿಸಿದ್ದ. ಅಡುಗೆಯ ಒಲೆಗೆ ಎರಡನೆಯ ಕಟ್ಟು ಸೌದೆ ಹಾಕುವ ಹೊತ್ತಿಗೆ ಅವನು ಅಂಗಳಕ್ಕೆ ಬಂದ. ಬಾಗಿಲ ಜಾಲಕ್ ಕೂಗಿತು. ಜರೋತನ ಕೈ, ಕತ್ತು, ಮುಖವೆಲ್ಲ ಚಗಳಿ ಕಚ್ಚಿ ಕೆಂಪಗೆ ದದ್ದೆದ್ದಿತ್ತು. ಎದೆಗೆ ಒತ್ತಿ ಹಿಡಿದ ಹೆಲ್ಮೆಟ್ಟನ್ನು ಕೂಸಿನ ಹಾಗೆ ಎರಡೂ ಕೈಯಲ್ಲಿ ತಂದು ಮಾವನ ಮುಂದೆ ಮಂಡಿಯೂರಿದ.

"ಪಾಕ್, ಏನು ತಂದಿದ್ದೀನಿ ನೋಡಿ!"

ಹೆಲ್ಮೆಟ್ಟಿನಲ್ಲಿ ಒಣಹುಲ್ಲು. ಹುಲ್ಲಿನಲ್ಲಿ ಮೂರು ಮರಿ.

"ಗದ್ದೆ ಹಕ್ಕಿ, ಪಾಕ್! ಅಸಲಿ. ಪಂಜರದ್ದಲ್ಲ. ನಲವತ್ತು ವರ್ಷದಿಂದ ಯಾರೂ ಕಂಡಿಲ್ಲ ಅಂತೀರಲ್ಲ? ಕಲ್ಲು ಇಳಿಸ್ತಿದ್ವಿ, ಮೇಲಿಂದ ಒಂದೇ ಸಮ ಬೈಗುಳ. ನಮ್ಮ ಮನೆ ಬಾಗಿಲ ಹಕ್ಕಿ ಬೈದ ಹಾಗೇ! ಕತ್ತೆತ್ತಿ ನೋಡಿದ್ರೆ ಗೂಡು. ಅವು ಸುಮ್ಮನಿದ್ದಿದ್ರೆ ನಾನು ನೋಡ್ತಾನೇ ಇರ್ಲಿಲ್ಲ. ನೀವು ಹತ್ತಿದ ಬೂರುಗದ ಮರಾನೇ, ಪಾಕ್. ಅದೇ ಮರ! ಇವತ್ತು ಅಮ್ಮನ ದಿನ ಅಲ್ವಾ, ನೀವು ಅಮ್ಮನಿಗೆ ತಂದ ಹಾಗೆ..."

ಹೆಂಗಸರು ತುರಿಮಣೆ ಬಿಟ್ಟು ಎದ್ದು ಬಂದರು. "ಅಯ್ಯೋ, ಎಷ್ಟು ಚೆಂದ!" "ಅಳಿಯ ಅಂದ್ರೆ ಹೀಗಿರ್ಬೇಕು!" ಲಾಸಿಮಿನ್ ಬೇಲಿ ಹಾರಿಯೇ ಬಂದ. "ಭಲೇ ಹುಡುಗ! ಕಾಂಗ್, ಇನ್ನು ಮೇಲಾದ್ರೂ ಬೀಗದ ಕೈ ಕೊಡು ಇವನಿಗೆ."

ತುಕಿಜಾನನ ಕೈ ಮೇಲೆದ್ದಿತು. ಹೊಡೆಯಲಿಕ್ಕೇ ಎದ್ದದ್ದು. ಕೈಯ ಕೆಳಗೆ ಜರೋತನ ಮುಖ ಬಾತುಕೊಂಡು, ಹೊಗಳಿಕೆಗೆ ಕಾದುಕೊಂಡು ನಗುತ್ತಿತ್ತು. ಹತ್ತು ವರ್ಷದಲ್ಲಿ ಮೊದಲ ಸಲ ಮಾವನ ಮುಂದೆ ಹೆದರದೆ ನಕ್ಕ ಮುಖ. ಆ ಮುಖವನ್ನು ತುಕಿಜಾನ್ ಎಲ್ಲೋ ಕಂಡಿದ್ದ. ನಲವತ್ತಮೂರು ವರ್ಷದ ಹಿಂದೆ, ಪೊನಿಯೆಮಳ ಅಪ್ಪನ ಅಂಗಳದ ಬಾವಿಯ ನೀರಿನಲ್ಲಿ. ಮುಖ ತೊಳೆದುಕೊಂಡು ಹೋಗೋಣವೆಂದು ಬಗ್ಗಿದಾಗ ಅಲ್ಲಿ ಕಂಡದ್ದು ಇದೇ ದದ್ದು, ಇದೇ ನಗು.

ಎತ್ತಿದ ಕೈ ತಾನಾಗಿ ಕೆಳಗಿಳಿಯಿತು.

"ದೊಡ್ಡ ಹಕ್ಕಿಗಳು?" ಎಂದು ಕೇಳಿದ.

ಜರೋತನ ನಗು ಸ್ವಲ್ಪ ಕುಗ್ಗಿತು. "ಒಂದು ಹಾರಿಹೋಯ್ತು. ಇನ್ನೊಂದು ಕಣ್ಣಿಗೇ ಕುಕ್ಕೋಕೆ ಬಂತು, ಪಾಕ್. ಕೈ ಬೀಸಿದೆ. ಕೈಲಿ ಮಚ್ಚು ಇತ್ತು..."

"ಮಚ್ಚು ಯಾಕೆ?"

"ಕೊಂಬೆ ನನ್ನ ಭಾರ ತಡೀತಿರ್ಲಿಲ್ಲ. ಕಡಿದು ಹಗ್ಗದಲ್ಲಿ ಇಳಿಸಿದ್ವಿ. ಮರಿಗಳಿಗೆ ಒಂದು ಗೀರೂ ಆಗದ ಹಾಗೆ ಇಳಿಸಿದ್ವಿ, ಪಾಕ್."

ಮರಿಗಳನ್ನು ತಿರುಗಿ ಇಡೋಣವೆಂದರೆ ಕೊಂಬೆಯೇ ಇಲ್ಲ. ಜೋಡಿಯೂ ಮುರಿದಿದೆ. ಕಲ್ಲು ಮಾತ್ರ ಕೂತಾಗಿದೆ.

"ಪಾಕ್, ಏನಾಯ್ತು? ತಪ್ಪು ಮಾಡಿದ್ನಾ?"

ನೀನೇನು ತಪ್ಪು ಮಾಡಿದೆ ಎಂದು ಹೇಳಲು ಹೋದರೆ ಮೊದಲಿನಿಂದ ಹೇಳಬೇಕಾಗುತ್ತಿತ್ತು. ಆ ಕತೆಯನ್ನು ಅವನು ನೂರು ಸಲ ಹೇಳಿದ್ದ, ಅರ್ಧ ಮಾತ್ರ. ಮರಿಗಳನ್ನು ಮಡಿಲಿಂದ ತೆಗೆದು ತೋರಿಸಿದಾಗ ಪೊನಿಯೆಮ್ ಬಿಕ್ಕಿ ಬಿಕ್ಕಿ ಅತ್ತಿದ್ದಳು ಎಂಬ ಉಳಿದರ್ಧವನ್ನು ಯಾರಿಗೂ ಹೇಳಿರಲಿಲ್ಲ. ಮದುವೆಯಾಗುವ ಹುಡುಗಿ, ತವರು ಬಿಡುವ ಸಂಕಟ ಎಂದು ಎಲ್ಲರೂ ಅಂದುಕೊಂಡಿದ್ದರು. ಅವನೂ ಹಾಗೇ ತಿಳಿದಿದ್ದ. ರಹಾಯು ಹುಟ್ಟಿದ ವರ್ಷ, ಬಾಣಂತಿ ಯಾವುದೋ ಮಾತಿನ ನಡುವೆ ಹೇಳಿದಳು: "ಭತ್ತಕ್ಕೆ ಗುಬ್ಬಿ ಬೀಳದ ಹಾಗೆ ಕಾಯೋಕೆ ಹೋಗ್ತಿದ್ದೆನಲ್ಲ, ಆ ಗೂಡು ಕಟ್ಟೋದರಿಂದ ಹಿಡಿದು ನೋಡ್ತಿದ್ದೆ. ನೀವು ಇಳಿಸೋ ಹಿಂದಿನ ದಿನ ದೊಡ್ಡದು ರೆಕ್ಕೆ ಬಡೀತಿತ್ತು." ಅಷ್ಟೇ ಹೇಳಿ ಮಗುವಿಗೆ ಮೊಲೆ ಕೊಟ್ಟಳು. ಮರಿಗಳನ್ನು ಕಂಡ ದಿನ ಮದುವೆ ಬೇಡವೆನ್ನಲು ಅವಳಿಗೆ ಮನಸ್ಸಿತ್ತೋ ಏನೋ, ಅವನು ಕೇಳಲಿಲ್ಲ. ಆಗ ಗಂಟೆಗೊಮ್ಮೆ ತುತ್ತು ಕೇಳುವ ಮೂರು ಬಾಯಿ ಅವನ ಮನೆಯಲ್ಲಿದ್ದವು. ಅವಕ್ಕೆ ತಿನ್ನಿಸಲು ಗೊತ್ತಿದ್ದವಳು ಅವಳೊಬ್ಬಳೇ. ಬಂದಳು.

"ಎದ್ದೇಳು, ಲೇ," ಎಂದ ಅಳಿಯನಿಗೆ. "ಮುಖಕ್ಕೆ ಎಣ್ಣೆ ಹಚ್ಕೋ. ಚಗಳಿ ಉರಿ ಸಂಜೆಗೆ ಇಳಿಯುತ್ತೆ."

ತುಕಿಜಾನ್ ಬೈಯಲಿಲ್ಲವೆಂದರೆ ಏನೋ ಆಗಬಾರದ್ದು ಆಗಿದೆಯೆಂದು ಲಾಸಿಮಿನ್ ಒಬ್ಬನಿಗೆ ತಿಳಿಯಿತು.

ಮರಿಗಳನ್ನು ಒಂದು ಅಗಲ ಪಂಜರದಲ್ಲಿಟ್ಟು, ಬಾಗಿಲು ತೆರೆದೇ, ಸೂರಿನ ಅಂಚಿಗೆ ತೂಗುಹಾಕಿದ. ಹಾರಲು ಬಂದರೆ ಹಾರಲಿ. ಹೊರಗೆ ಕೊಂಬೆಯಿದೆ, ಗದ್ದೆಯಿದೆ. ಹೊತ್ತು ನೆತ್ತಿಗೆ ಬರುವ ಮೊದಲೇ ತಾಯಿಹಕ್ಕಿ ಬಂತು. ಮರಿಗಳ ಕೂಗು ಹಿಡಿದು ಬಂದಿರಬೇಕು. ಮೊದಲು ಹೆಂಚಿನ ಮೇಲೆ, ಆಮೇಲೆ ತೆಂಗಿನ ಗರಿಯ ಮೇಲೆ, ಆಮೇಲೆ ಪಂಜರದ ಮೇಲೆ. ಕೊಕ್ಕಿನಲ್ಲಿ ಎರೆಹುಳು. ಕೆಸರು ಮೆತ್ತಿದ ಕಾಲು. ಬಲಗಡೆಯ ರೆಕ್ಕೆಯಲ್ಲಿ ಎರಡು ಗರಿ ಮುರಿದಿದ್ದವು. ತುಕಿಜಾನ್ ಕಂಬಕ್ಕೊರಗಿ ನೋಡುತ್ತಾ ಮನಸ್ಸಿನಲ್ಲೇ ಅದಕ್ಕೆ ಹೇಳಿದ. ಸರಳಿನ ಸಂದಿಯಿಂದ ತಿನ್ನಿಸು, ಸಾಕು. ಕರೆ ಅವನ್ನ. ಹೊರಗೆ ಕರೆ.

ಅದು ಕರೆಯಲಿಲ್ಲ. ಪಂಜರಕ್ಕೆ ಎರಡು ಸುತ್ತು ಬಂದು, ತೆರೆದ ಬಾಗಿಲು ಕಂಡು, ತಾನೇ ಒಳಗೆ ಹೋಯಿತು. ಅದು ಹುಟ್ಟಿದ್ದೇ ಅಂಥ ಬಾಗಿಲಿನ ಒಳಗೆ.

"ನೋಡ್ರೇ, ತವರಿಗೆ ಬಂದ ಹಾಗೆ ಬಂತು!" ಎಂದಳು ಅಪೆಮ್ ಹುಯ್ಯುವವಳು. ಎಲ್ಲರೂ ನಕ್ಕರು.

"ಹೋಗು!" ತುಕಿಜಾನ್ ಚಪ್ಪಾಳೆ ಹೊಡೆದ. "ಹೋಗೇ! ಹೊರಗೆ ಹೋಗು!" ಹಕ್ಕಿ ಹಾರಿ ತೆಂಗಿನ ಗರಿಗೆ ಹೋಯಿತು. ಅವನು ಎರಡು ಹೆಜ್ಜೆ ಹಿಂದೆ ಸರಿದರೆ ತಿರುಗಿ ಒಳಗೆ. ಚೊಂಬಿನ ನೀರೆರಚಿದ. ಪಂಜರದ ಬುಡ ತಟ್ಟಿದ. ಬಗ್ಗಿ ಕಲ್ಲು ಹೆಕ್ಕಿಕೊಂಡ, ಎಸೆಯಲಾಗಲಿಲ್ಲ. ರಹಾಯು ಬಂದು ಅವನ ತೋಳು ಹಿಡಿದಳು. "ಪಾಕ್, ಬಿಡಿ. ಅದು ಮರಿ ಬಿಟ್ಟು ಎಲ್ಲಿಗೆ ಹೋಗುತ್ತೆ?"

ಅವಳ ದನಿ ಅವಳ ಅಮ್ಮನದೇ ದನಿ. ಅವನು ಕಲ್ಲನ್ನು ಕೆಳಗೆ ಹಾಕಿದ.

ಮಧ್ಯಾಹ್ನ ಒಬ್ಬನೇ ಸ್ಮಶಾನಕ್ಕೆ ಹೋಗಿ ಬಂದ. ಹೊಸ ಕಲ್ಲು ನೆಟ್ಟಗೆ ಕೂತಿತ್ತು, ಜರೋತನ ಕೆಲಸದಲ್ಲಿ ಕುಂದು ಹೇಳುವಂತಿರಲಿಲ್ಲ. ಕಲ್ಲಿನ ಪಕ್ಕದಲ್ಲಿ ಗಂಡುಹಕ್ಕಿ ಮಲಗಿತ್ತು. ಹೊಟ್ಟೆಯ ಬಿಳಿ ಹಾಗೇ ಇತ್ತು. ಕಣ್ಣಿನ ಸುತ್ತಲಿನ ಕಿತ್ತಳೆ ಮಾತ್ರ ಆಗಲೇ ಬೂದಿಯಾಗಿತ್ತು. ಕೈಯಿಂದಲೇ ಮಣ್ಣು ತೋಡಿ, ಕಲ್ಲಿಗೆ ತಾಗಿಸಿ ಹೂತ. ಮೇಲೆ ಮರ ಸುಮ್ಮನಿತ್ತು. ಅವನನ್ನು ಕಂಡು ಕೂಗಲು ಅಲ್ಲಿ ಯಾರೂ ಇರಲಿಲ್ಲ.

ಸಂಜೆಯ ಮಗ್ರಿಬ್ ನಮಾಜು ಮುಗಿಸಿ ಊರ ಗಂಡಸರು ಪ್ರಾರ್ಥನೆಗೆಂದು ಬರತೊಡಗಿದರು. ಒಬ್ಬೊಬ್ಬರು ಅಂಗಳಕ್ಕೆ ಕಾಲಿಟ್ಟಾಗಲೂ ಪಂಜರದಲ್ಲಿ ಮರಿಗಳ ಮುಂದೆ ನಿಂತ ತಾಯಿಹಕ್ಕಿ ಪುಕ್ಕ ನಿಗುರಿಸಿ, ಕತ್ತು ಕುಣಿಸಿ, ಕೊರಳು ಹರಿಯುವ ಹಾಗೆ ಅರಚಿತು. ಬಾಗಿಲ ಪಕ್ಕದ ಹಳೆಯ ಹಕ್ಕಿಯನ್ನೂ ಮೀರಿಸಿ ಅರಚಿತು.

"ವಾಹ್, ಏನು ಗಂಟಲು!" ಎಂದರು ಮುಲ್ಲಾ. "ಇಂಥ ಕಾವಲು ಹಕ್ಕಿ ಜಿಲ್ಲೆಯಲ್ಲೇ ಇಲ್ಲ. ತುಕಿಜಾನನ ತಳಿ ಅಂದ್ರೆ ಸುಮ್ನೆನಾ?"

"ಬಾಗಿಲು ತೆಗೆದಿದ್ರೂ ಹೋಗಲ್ವಲ್ಲ, ಅದು ನೋಡಿ ದೊಡ್ಡದು," ಎಂದ ಇನ್ನೊಬ್ಬ.

ತುಕಿಜಾನ್ ಎಲ್ಲರಿಗೂ ಎರಡೂ ಕೈ ಮುಂದೆ ಚಾಚಿ ಕೈ ಕೊಟ್ಟು, ಚಾಪೆ ತೋರಿಸಿ ಕೂರಿಸಿದ. ಒಳಗೆ ಪೊನಿಯೆಮಳ ಹೆಸರು ಹಿಡಿದು ಓದು ಶುರುವಾಯಿತು. ಅವನು ಹೊಸ್ತಿಲ ಬಳಿಯೇ ನಿಂತಿದ್ದ. ಮುಖಕ್ಕೆ ಎಣ್ಣೆ ಹಚ್ಚಿಕೊಂಡ ಜರೋತ್ ಹಿಂದಿನಿಂದ ಬಂದು ಮೆಲ್ಲಗೆ ಕೆಮ್ಮಿದ.

"ಪಾಕ್... ಕತ್ತಲಾಗ್ತಿದೆ. ಬೆಕ್ಕು ಬರುತ್ತೆ." ತಡೆದು, ತಲೆ ತಗ್ಗಿಸಿ, "ಅವತ್ತು ನಾನು ಮರೆತಿದ್ದೆ. ಇವತ್ತು ಮರೆತಿಲ್ಲ. ಬಾಗಿಲು ಹಾಕ್ಲಾ?" ಎಂದ.

ತುಕಿಜಾನ್ ಬೇಲಿಯ ಕಡೆ ನೋಡಿದ. ಲಾಸಿಮಿನ್ ಮನೆಯ ಬೂದು ಬೆಕ್ಕು ಆಗಲೇ ಗೋಡೆಯ ಮೇಲೆ ಕೂತು ಬಾಲ ಆಡಿಸುತ್ತಿತ್ತು. ಗದ್ದೆಯ ಆಚೆ, ಬೂರುಗದ ಮರದ ಕಡೆ, ಬೆಳಕು ಆರಿತ್ತು.

"ಬೇಡ," ಎಂದ. "ನಾನೇ ಹಾಕ್ತೀನಿ."

ಹೋಗಿ ಪಂಜರದ ಮುಂದೆ ನಿಂತ. ತಾಯಿಹಕ್ಕಿ ಅವನ ಮುಖಕ್ಕೇ ಕೂಗಿತು. ಅದು ಕೂಗಿ ಮುಗಿಸಲೆಂದು ಅವನು ಕಾದ. ಅದು ಮುಗಿಸಲಿಲ್ಲ. ಕೂಗುತ್ತಿದ್ದಂತೆಯೇ ಬಾಗಿಲು ಎಳೆದು ಕೊಕ್ಕೆ ಹಾಕಿದ.